ಜಿಪಿಯು ಜಗಳಕ್ಕೆ ಕ್ಯೂ ತಂದ ಕಥೆ

ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟಿಂಗ್ ವಿಭಾಗದಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಜಿಪಿಯು, ಅಂದರೆ ಎಐ ಮಾಡೆಲ್‌ಗಳ ಭಾರೀ ಲೆಕ್ಕಗಳನ್ನು ವೇಗವಾಗಿ ಮಾಡುವ ಕಾರ್ಡ್, ಇರುವ ಸರ್ವರ್‌ಗಳನ್ನು ಪಿಎಚ್‌ಡಿಯವರು, ಕೊನೇ ವರ್ಷದ ಪ್ರಾಜೆಕ್ಟಿನವರು ಎಲ್ಲ ಹಂಚಿಕೊಂಡು ಬಳಸುತ್ತಿದ್ದರು. ಹಂಚಿಕೊಂಡು ಅನ್ನುವುದು ಮರ್ಯಾದೆಯ ಮಾತು. ನಿಜದಲ್ಲಿ ಮೊದಲು ಲಾಗಿನ್ ಆದವರದ್ದೇ ರಾಜ್ಯ. ನಾವಾಗಿ ತಡೆಯದಿದ್ದರೆ ಮಾಡೆಲ್ ಕಟ್ಟಲು ಬಳಸುವ ಟೆನ್ಸರ್‌ಫ್ಲೋ ಸಾಫ್ಟ್‌ವೇರ್ ಜಿಪಿಯು ಮೆಮೊರಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತನ್ನದು ಮಾಡಿಕೊಳ್ಳುತ್ತದೆ. ಪುಟ್ಟ ಮಾಡೆಲ್ ಓಡಿಸುವವನೂ ಇಡೀ ಕಾರ್ಡ್ ನುಂಗಿ ಕೂರುತ್ತಿದ್ದ, ಪಕ್ಕದವನಿಗೆ 'ಔಟ್ ಆಫ್ ಮೆಮೊರಿ'. ಆಮೇಲೆ ನನಗೆ ಫೋನು.

ಎಲ್ಲವನ್ನೂ ಬದಲಿಸಲು ನೆಪ ಸಿಕ್ಕಿದ್ದು ಸರ್ವರ್‌ಗಳಲ್ಲಿದ್ದ ಹಳೆಯ ಲಿನಕ್ಸ್ ಆವೃತ್ತಿ ಸೆಂಟ್‌ಓಎಸ್ 7ರಿಂದ. 2024ರ ಜೂನ್ 30ಕ್ಕೆ ಅದರ ಅಪ್‌ಡೇಟ್‌ಗಳು ನಿಲ್ಲುತ್ತವೆ ಅಂತ ಮೊದಲೇ ಗೊತ್ತಿತ್ತು. ಆದರೆ ಭದ್ರತೆಯ ಕಾರಣ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಅದೇ ವರ್ಷದ ಶುರುವಿನಲ್ಲಿ ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನ ಹೊಸ ಆವೃತ್ತಿಗೆ ರಿಮೋಟ್ ಸರ್ವರ್‌ನಲ್ಲಿ ಜಿಲಿಬ್‌ಸಿ (ಲಿನಕ್ಸ್ ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಮೂಲ ಲೈಬ್ರರಿ) 2.28 ಬೇಕು ಅಂತಾಯಿತು. ಸೆಂಟ್‌ಓಎಸ್ 7ರಲ್ಲಿ ಇರುವುದು 2.17. ಎಡಿಟರ್ ಕನೆಕ್ಟ್ ಆಗುವುದಿಲ್ಲ ಅಂದಾಗ ಮಾತ್ರ ಎಲ್ಲರೂ ಅಪ್‌ಗ್ರೇಡ್ ಯಾವಾಗ ಅಂತ ಕೇಳತೊಡಗಿದರು.

ಸೆಮಿಸ್ಟರ್ ರಜೆಯಲ್ಲಿ ರಾಕಿ ಲಿನಕ್ಸ್ 9 ಹಾಕಿ, ಮೇಲೆ ಎಲ್ಲರ ಕೆಲಸಗಳನ್ನೂ ಕ್ಯೂನಲ್ಲಿ ನಿಲ್ಲಿಸಿ ಕಾರ್ಡ್ ಹಂಚುವ ಸ್ಲರ್ಮ್ ಕೂರಿಸಿದೆವು. ಹೋಮ್ ಫೋಲ್ಡರ್‌ಗಳು ಹಾಗೇ ಉಳಿದವು. ಆದರೆ ಸಿಸ್ಟಮ್‌ನಲ್ಲಿದ್ದ ಪೈಥಾನ್ 3ರ ಆವೃತ್ತಿ 3.6ರಿಂದ 3.9ಕ್ಕೆ ಹೋದದ್ದರಿಂದ ಹಳೆಯ ವರ್ಚುವಲ್ ಎನ್‌ವಿರಾನ್‌ಮೆಂಟ್‌ಗಳನ್ನು (ಪ್ರಾಜೆಕ್ಟಿಗೊಂದರಂತೆ ಪೈಥಾನ್ ಲೈಬ್ರರಿಗಳನ್ನು ಇಟ್ಟುಕೊಳ್ಳುವ ಫೋಲ್ಡರ್) ಹೊಸದಾಗಿ ಕಟ್ಟಲೇಬೇಕಿತ್ತು. ಇದನ್ನು ಇಮೇಲ್‌ನಲ್ಲಿ ತಿಳಿಸಿದ್ದಲ್ಲದೆ ಲಾಗಿನ್ ಆದ ಕೂಡಲೇ ಕಾಣುವ ಸಂದೇಶದಲ್ಲೂ ಹಾಕಿದೆ. ಇಮೇಲ್ ಓದುವವರು ಯಾರು?

ಇನ್ನುಮುಂದೆ ಜಿಪಿಯು ಬೇಕೆಂದರೆ ಜಾಬ್ ಹಾಕಬೇಕು, ಅಂದರೆ ಕೆಲಸವನ್ನು ಸ್ಲರ್ಮ್‌ನ ಕ್ಯೂಗೆ ಕೊಡಬೇಕು. ಎಸ್‌ಎಸ್‌ಎಚ್ ಮೂಲಕ ನೇರವಾಗಿ ಸರ್ವರ್‌ಗೆ ಲಾಗಿನ್ ಆಗಹೊರಟರೆ, ಆ ಸರ್ವರ್‌ನಲ್ಲಿ ನಿಮ್ಮ ಜಾಬ್ ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್. ಸಿಗ್ರೂಪ್ ಅನ್ನುವ ಲಿನಕ್ಸ್ ಸೌಲಭ್ಯದ ಮೂಲಕ ಪ್ರತಿ ಜಾಬಿಗೂ ಅದಕ್ಕೆ ಕೊಟ್ಟ ಕಾರ್ಡ್ ಮಾತ್ರ ಕಾಣುವಂತೆ ಮಾಡಿದೆವು. ಮೊದಲ ವಾರ ಬಂದ ದೂರುಗಳಲ್ಲಿ ಹೆಚ್ಚಿನವು ಇದರಿಂದಲೇ. ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು: "ಸರ್, ನಿನ್ನೆವರೆಗೂ ಓಡ್ತಿತ್ತು. ಈಗ ಇನ್‌ವ್ಯಾಲಿಡ್ ಡಿವೈಸ್ ಆರ್ಡಿನಲ್ ಅಂತಿದೆ." ಅಂದರೆ ಕೇಳಿದ ನಂಬರಿನ ಕಾರ್ಡ್ ಇಲ್ಲ ಅಂತ. ಕೋಡ್ ತೆರೆದು ನೋಡಿದರೆ 'ಕುಡಾ:3', ಅಂದರೆ ಮೂರನೇ ನಂಬರಿನ ಕಾರ್ಡ್ ಬಳಸು, ಅಂತ ಬರೆದಿದೆ. ಯಾರೋ ಸೀನಿಯರ್ ಕೊಟ್ಟ ಸ್ಕ್ರಿಪ್ಟ್. ಹಿಂದೆ ಮೂರನೇ ನಂಬರಿನ ಕಾರ್ಡು ಆ ಲ್ಯಾಬಿನದು ಅನ್ನುವ ಒಪ್ಪಂದ ಇತ್ತಂತೆ. ಒಂದೇ ಕಾರ್ಡ್ ಕೇಳಿದ ಜಾಬಿಗೆ ಯಾವ ಕಾರ್ಡ್ ಸಿಕ್ಕರೂ ಅದು ಒಳಗಿನಿಂದ ಸೊನ್ನೆ ಅಂತಲೇ ಕಾಣುತ್ತದೆ. ಮೂರನ್ನು ಅಳಿಸಿ ಸೊನ್ನೆ ಹಾಕಿದ್ದೇ ಓಡಿತು.

ಎರಡನೇ ಪ್ರಶ್ನೆ ಎಲ್ಲರದ್ದೂ ಒಂದೇ: "ಅವನು ನನಗಿಂತ ಆಮೇಲೆ ಹಾಕಿದ, ಅವನದು ಹೇಗೆ ಮೊದಲು ಶುರುವಾಯ್ತು?" ಪಕ್ಷಪಾತ ಅಂತಲೇ ಅನುಮಾನ. ಕಾರಣ ಬ್ಯಾಕ್‌ಫಿಲ್. ದೊಡ್ಡ ಜಾಬ್ ನಾಲ್ಕು ಕಾರ್ಡ್ ಒಟ್ಟಿಗೆ ಖಾಲಿಯಾಗಲಿ ಅಂತ ಕಾಯುತ್ತಿರುವಾಗ, ಅದರ ಸರದಿ ಬರುವುದರೊಳಗೆ ಮುಗಿಯುವ ಸಣ್ಣ ಜಾಬನ್ನು ಸ್ಲರ್ಮ್ ನಡುವೆ ತೂರಿಸುತ್ತದೆ. ಜಾಬ್ ಹಾಕುವಾಗ ಎರಡು ಗಂಟೆಯ ಕೆಲಸಕ್ಕೆ ಸುಮ್ಮನೆ ಮೂರು ದಿನ ಬೇಕು ಅಂತ ಬರೆದವನ ಜಾಬು ಆ ಸಂದಿನಲ್ಲಿ ಹಿಡಿಸುವುದೇ ಇಲ್ಲ. ನಾನು ಕೊಟ್ಟ ತರಬೇತಿಯಲ್ಲೆಲ್ಲ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಂದು ಮಾತು: ಸಮಯ ನಿಜ ಬರೆಯಿರಿ, ಮೇಲೆ ಸ್ವಲ್ಪ ಸೇರಿಸಿ, ಸಾಕು.

ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಜೂಪಿಟರ್ ನೋಟ್‌ಬುಕ್ ಬಿಟ್ಟುಕೊಡಲು ಯಾರೂ ಸಿದ್ಧರಿರಲಿಲ್ಲ, ಅದು ಸರಿಯೂ ಹೌದು. ಟರ್ಮಿನಲ್ಲೇ ಕಾಣದ ಎರಡನೇ ವರ್ಷದವರಿಗೆ ಬ್ಯಾಚ್ ಸ್ಕ್ರಿಪ್ಟ್ ಬರೆ ಅನ್ನುವುದು ಅನ್ಯಾಯ. ಹಲವರಿಗೆ ಜೂಪಿಟರ್ ಒದಗಿಸುವ ಜೂಪಿಟರ್‌ಹಬ್ ಹಾಕಿ, ನೋಟ್‌ಬುಕ್ ತೆರೆದರೆ ಅದೂ ಸ್ಲರ್ಮ್ ಜಾಬ್ ಆಗಿಯೇ ಶುರುವಾಗುವಂತೆ ಜೋಡಿಸಿದೆವು. ಕೆಲಸವಿಲ್ಲದೆ ಬಿದ್ದಿರುವ ನೋಟ್‌ಬುಕ್‌ಗಳನ್ನು ತಾನೇ ಮುಚ್ಚುವ ವ್ಯವಸ್ಥೆಯೂ ಇದೆ. ಬ್ರೌಸರ್ ಟ್ಯಾಬ್ ಮುಚ್ಚಿದರೆ ಜಿಪಿಯು ಬಿಡುಗಡೆಯಾಯಿತು ಅಂತ ತಿಳಿದವರೇ ಬಹಳ. ಹಿನ್ನೆಲೆಯಲ್ಲಿ ಕರ್ನಲ್ (ನೋಟ್‌ಬುಕ್‌ನ ಕೋಡ್ ನಡೆಸುವ ಪ್ರೋಗ್ರಾಂ) ಓಡುತ್ತಿರುವವರೆಗೂ ಮೆಮೊರಿ ಅದರದ್ದೇ.

ಈಗ ಕೈಯಲ್ಲಿರುವುದು ಸಿಮ್ಯುಲೇಷನ್ ಸಾಫ್ಟ್‌ವೇರ್ ಲೈಸೆನ್ಸ್‌ಗಳ ಲೆಕ್ಕ. ಲೈಸೆನ್ಸ್ ಸಿಗದೆ ಜಾಬ್ ಅರ್ಧ ನಿಮಿಷದಲ್ಲಿ ಸಾಯುವ ಬದಲು, ಸಿಗುವವರೆಗೆ ಕ್ಯೂನಲ್ಲಿ ಕಾಯುವಂತೆ ಸ್ಲರ್ಮ್‌ಗೆ ಹೇಳಬಹುದು. ಆದರೆ ಸ್ಲರ್ಮ್ ಲೆಕ್ಕವಿಡುವುದು ತನ್ನ ಮೂಲಕ ಹೋದವನ್ನಷ್ಟೇ. ಲ್ಯಾಬ್ ಪಿಸಿಗಳಲ್ಲಿ ಅದೇ ಲೈಸೆನ್ಸ್ ಬಳಸುವವರು ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಲ್ಯಾಬಿಗೆ ಇಷ್ಟು, ಕ್ಯೂಗೆ ಇಷ್ಟು ಅಂತ ಲೈಸೆನ್ಸ್ ಸರ್ವರ್‌ನಲ್ಲೇ ಭಾಗ ಮಾಡುತ್ತಿದ್ದೇವೆ. ಯಾರಿಗೆ ಎಷ್ಟು ಅನ್ನುವುದನ್ನು ವಿಭಾಗದ ಮುಖ್ಯಸ್ಥರೇ ಕೂತು ತೀರ್ಮಾನಿಸಲಿ ಅಂತ ಕಡತ ಅವರ ಮೇಜಿಗೆ ಕಳಿಸಿದ್ದೇನೆ.