ಗೇಮಿನ ಜಂಪ್ ಹದಕ್ಕೆ ಬಂದದ್ದು ಹೀಗೆ

ಕಟ್ಟೆಯಿಂದ ಕಟ್ಟೆಗೆ ಹಾರುತ್ತಾ ಸಾಗುವ ಟೂ-ಡಿ ಪ್ಲಾಟ್‌ಫಾರ್ಮರ್ ಗೇಮಿನಲ್ಲಿ ನಾನು ಮೊದಲು ಗಟ್ಟಿಮಾಡಿಕೊಂಡದ್ದು ಜಂಪ್. ಲೆವೆಲ್‌ಗಳ ಅಳತೆಯೆಲ್ಲ ನಿಂತಿರುವುದು ಅದರ ಮೇಲೆ. ಅರ್ಧ ದಾರಿಯಲ್ಲಿ ಜಂಪ್ ಬದಲಿಸಿದರೆ ಪ್ರತಿ ಕಟ್ಟೆ, ಪ್ರತಿ ಕಂದಕವನ್ನೂ ಮತ್ತೆ ಅಳೆಯಬೇಕಾಗುತ್ತದೆ.

ಗುರುತ್ವ, ವೇಗ ಎರಡನ್ನೂ ಅಂದಾಜಿನಲ್ಲಿ ತಿದ್ದುತ್ತಾ ಹೋದರೆ ಹದ ಸಿಗುವುದಿಲ್ಲ. ಎತ್ತರ ಮತ್ತು ಸಮಯವನ್ನು ಮೊದಲೇ ಗೊತ್ತುಮಾಡಿಕೊಂಡೆ: 32 ಪಿಕ್ಸೆಲ್‌ನ ಮೂರು ಟೈಲ್ (ಲೆವೆಲ್ ಕಟ್ಟುವ ಚೌಕ), ಅಂದರೆ 96 ಪಿಕ್ಸೆಲ್, ತುದಿ ಮುಟ್ಟಲು 0.4 ಸೆಕೆಂಡ್. ಎತ್ತರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ 1200. ಬರೀ ಸಮಯದಿಂದ ಭಾಗಿಸಿದರೆ ಆರಂಭದ ವೇಗ ಸೆಕೆಂಡಿಗೆ 480 ಪಿಕ್ಸೆಲ್. ನಾನು ಬಳಸುವ ಗೇಮ್ ಎಂಜಿನ್ ಗೊಡಾಟ್‌ನಲ್ಲಿ ವೈ ಅಕ್ಷ ಕೆಳಮುಖವಾದ್ದರಿಂದ ಮೈನಸ್ 480 ಎಂದು ಬರೆಯಬೇಕು.

ಇಷ್ಟಾದರೂ ಪಾತ್ರ ಏರಿದ್ದು 92 ಪಿಕ್ಸೆಲ್ ಮಾತ್ರ. ಸೆಕೆಂಡಿಗೆ 60 ಸಲ ಓಡುವ ಲೂಪ್‌ನಲ್ಲಿ ಪ್ರತಿ ಸಲವೂ ವೇಗದಿಂದ 20 ಕಳೆದು, ಆಮೇಲೆ ಪಾತ್ರವನ್ನು ಸರಿಸುತ್ತೇವೆ. ಆ ಹೆಜ್ಜೆಯುದ್ದಕ್ಕೂ ತುಸುತುಸುವೇ ಇಳಿಯಬೇಕಾದ ವೇಗ ಶುರುವಿನಲ್ಲೇ ಪೂರ್ತಿ ಇಳಿದುಬಿಡುತ್ತದೆ. ಅದೇ ಕೋಡ್ 30 ಸಲ ಓಡಿದರೆ ಎತ್ತರ 88; 144 ಸಲ ಓಡಿದರೆ 94ಕ್ಕಿಂತ ತುಸು ಹೆಚ್ಚು. ಹೀಗಾಗಿ 94 ಪಿಕ್ಸೆಲ್‌ನ ಕಟ್ಟೆ ಒಂದು ಕಂಪ್ಯೂಟರಿನಲ್ಲಿ ಹತ್ತಲು ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ಡೆಲ್ಟಾದಿಂದ, ಅಂದರೆ ಒಂದು ಹೆಜ್ಜೆಯ ಸಮಯದಿಂದ, ಗುಣಿಸಿದ ಮಾತ್ರಕ್ಕೆ ಇದು ಸರಿಹೋಗದು. ಗುರುತ್ವದ ಅರ್ಧವನ್ನು ಸರಿಸುವ ಮುನ್ನ, ಉಳಿದರ್ಧವನ್ನು ಸರಿಸಿದ ಮೇಲೆ ಕೂಡಿಸಿದೆ. ಎತ್ತರ 96ಕ್ಕೆ ಬಂತು. ಚಲನೆಯ ಕೋಡನ್ನು, ಸೆಕೆಂಡಿಗೆ ನಿಗದಿತ ಸಲ ಓಡುವ ಫಿಸಿಕ್ಸ್ ಪ್ರೊಸೆಸ್‌ನಲ್ಲೇ ಇಟ್ಟೆ. 144 ಹರ್ಟ್ಸ್ ಮಾನಿಟರಿನಲ್ಲಿ ಆಗ ಕಾಣುವ ನಡುಕಕ್ಕೆ, ಎರಡು ಹೆಜ್ಜೆಗಳ ನಡುವಿನ ಸ್ಥಾನವನ್ನು ಲೆಕ್ಕಹಾಕಿ ತೋರಿಸುವ ಫಿಸಿಕ್ಸ್ ಇಂಟರ್‌ಪೊಲೇಶನ್ ಆನ್ ಮಾಡಬೇಕು. ಟೂ-ಡಿಗೆ ಇದು ಗೊಡಾಟ್ 4.3ರಿಂದ ಇದೆ.

ಮುಂದಿನದು ಆಟಗಾರರ ಬೆರಳಿಗೆ ಕೊಡುವ ರಿಯಾಯಿತಿ. ಅಂಚು ದಾಟಿದ ಮೇಲೂ 0.1 ಸೆಕೆಂಡ್ ಜಂಪ್ ಮಾಡಲು ಬಿಡುವ ಕಯೋಟಿ ಟೈಮ್, ನೆಲ ಮುಟ್ಟುವ 0.1 ಸೆಕೆಂಡ್ ಮುಂಚೆ ಒತ್ತಿದ್ದನ್ನು ನೆನಪಿಡುವ ಜಂಪ್ ಬಫರ್. ಇವೆರಡೂ ಇಲ್ಲದ ಗೇಮನ್ನು ಯಾರ ಕೈಗೂ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜಂಪ್ ಆದ ತಕ್ಷಣ ಎರಡೂ ಟೈಮರನ್ನು ಸೊನ್ನೆ ಮಾಡದಿದ್ದರೆ, ಬಟನ್ ಬೇಗಬೇಗ ಎರಡು ಸಲ ಒತ್ತಿದಾಗ ಗಾಳಿಯಲ್ಲೇ ಇನ್ನೊಂದು ಜಂಪ್ ಆಗುತ್ತದೆ.

ಬಟನ್ ಬಿಟ್ಟಾಗ ಏರುವ ವೇಗವನ್ನು ಅರ್ಧಕ್ಕಿಳಿಸಿದರೆ ಚಿಕ್ಕ ಜಂಪ್ ಸಿಗುತ್ತದೆ. ಇದು ಬಫರ್ ಜೊತೆ ಸೇರಿದಾಗ ಒಂದು ಬಗ್ ಹುಟ್ಟುತ್ತದೆ: ನೆಲ ಮುಟ್ಟುವ ಮೊದಲೇ ಒತ್ತಿ ಬಿಟ್ಟಿದ್ದರೆ, ಬಿಟ್ಟ ಸೂಚನೆ ಆಗಲೇ ಕಳೆದುಹೋಗಿ ಪಾತ್ರ ಪೂರ್ತಿ ಎತ್ತರಕ್ಕೆ ಹಾರುತ್ತದೆ. ಹಾಗಾಗಿ ಬಫರಿನಿಂದ ಜಂಪ್ ಶುರುವಾಗುವ ಕ್ಷಣದಲ್ಲೇ ಬಟನ್ ಇನ್ನೂ ಒತ್ತಿದೆಯೇ ಎಂದು ನೋಡಿ, ಇಲ್ಲದಿದ್ದರೆ ವೇಗವನ್ನು ಅಲ್ಲೇ ಅರ್ಧ ಮಾಡುತ್ತೇನೆ.

ಕೋಡ್ ಮುಟ್ಟಿದಾಗಲೆಲ್ಲ ಫಿಸಿಕ್ಸ್ ಟಿಕ್ಸ್ ಅನ್ನು, ಅಂದರೆ ಲೂಪ್ ಸೆಕೆಂಡಿಗೆ ಓಡುವ ಸಲವನ್ನು, 30, 60, 120ಕ್ಕೆ ಇಟ್ಟು, ತಲುಪಿದ ಗರಿಷ್ಠ ಎತ್ತರವನ್ನು ಪ್ರಿಂಟ್ ಮಾಡಿ ನೋಡುತ್ತೇನೆ. ಮೂರರಲ್ಲೂ 96 ಬರಬೇಕು.