ಚಿತ್ರದುರ್ಗದಿಂದ ಒಂದು ದಿನ: ಅಶೋಕನ ಮೂರು ಶಾಸನ, ಚಂದ್ರವಳ್ಳಿಯ ಗುಹೆ

ಹೊರಡುವ ಮುನ್ನ ಒಂದು ವಿಷಯ ಸ್ಪಷ್ಟವಿರಲಿ. ಅಜಂತಾ, ಕಾರ್ಲೆಯಂಥ ಬೌದ್ಧ ಗುಹಾಲಯ ಚಿತ್ರದುರ್ಗ ಜಿಲ್ಲೆಯಲ್ಲಿ ಇಲ್ಲ. ಕೆತ್ತಿದ ಸ್ತೂಪ, ಬುದ್ಧನ ವಿಗ್ರಹ ನೋಡಬೇಕೆಂದು ಬಂದವರು ನಿರಾಸೆಯಿಂದ ಹಿಂದಿರುಗುತ್ತಾರೆ. ಇಲ್ಲಿ ಉಳಿದಿರುವುದು ಬಂಡೆಯ ಮೇಲಿನ ಬರಹ, ಮತ್ತು ಕಾಲ ಕೆಳಗಿನ ಮಣ್ಣು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಕಿರು ಬಂಡೆ ಶಾಸನಗಳಿವೆ. ಚಿತ್ರದುರ್ಗದ ಮಗ್ಗುಲಲ್ಲೇ ಶಾತವಾಹನರ ಕಾಲದ ನೆಲೆಯೂ ಗುಹೆಗಳೂ ಇರುವ ಚಂದ್ರವಳ್ಳಿ ಇದೆ. ನಾಲ್ಕನ್ನೂ ಒಂದೇ ದಿನದಲ್ಲಿ ನೋಡಬಹುದು. ಆದರೆ ಯಾವುದನ್ನು ಯಾವ ಹೊತ್ತಿಗೆ ನೋಡುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸವೆದ ಅಕ್ಷರ ಕಾಣುವುದು ಬೆಳಕು ಓರೆಯಾಗಿ ಬಿದ್ದಾಗ ಮಾತ್ರ.

ಹೊರಡುವುದು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಕಳೆದ ಮೇಲೆ ಮೊಳಕಾಲ್ಮೂರಿನ ಬಂಡೆಗಳು ಹನ್ನೊಂದು ಗಂಟೆಗೇ ಕಾಯ್ದ ಹೆಂಚಾಗಿರುತ್ತವೆ. ಚಿತ್ರದುರ್ಗದಿಂದ ಚಳ್ಳಕೆರೆ, ತಳಕು, ಹಾನಗಲ್ ಮಾರ್ಗವಾಗಿ ಬಳ್ಳಾರಿ ಹೆದ್ದಾರಿ ಹಿಡಿಯಿರಿ. ಶಾಸನಗಳಿರುವ ಜಾಗಕ್ಕೆ ಹತ್ತಿರ ಹತ್ತಿರ ನೂರು ಕಿಲೋಮೀಟರ್, ಎರಡು ಗಂಟೆಯ ದಾರಿ. ದಾವಣಗೆರೆಯಿಂದ ಬರುವವರು ಇನ್ನೊಂದು 60 ಕಿಲೋಮೀಟರ್ ಸೇರಿಸಿಕೊಳ್ಳಬೇಕು. ಹಿಂದಿನ ರಾತ್ರಿ ದುರ್ಗದಲ್ಲೇ ಉಳಿದರೆ ಒಳ್ಳೆಯದು. ಬೆಳಿಗ್ಗೆ ಐದೂವರೆಗೆ ಗಾಡಿ ಹೊರಡಬೇಕು. ಅಷ್ಟು ಬೇಗ ಹೋಟೆಲುಗಳು ತೆರೆದಿರುವುದಿಲ್ಲವಾದ್ದರಿಂದ ತಿಂಡಿ ಕಟ್ಟಿಸಿಕೊಳ್ಳಿ. ತಲೆಗೆ ಮೂರು ಲೀಟರ್ ನೀರು ಇರಲಿ, ಬೆಟ್ಟದ ಮೇಲೆ ಸಿಗುತ್ತದೆಂದು ನಂಬಬೇಡಿ.

ಬಸ್ಸಿನಲ್ಲೂ ಆಗುತ್ತದೆ. ಬಳ್ಳಾರಿ ಬಸ್ಸು ಹತ್ತಿ ರಾಂಪುರದಲ್ಲಿ ಇಳಿದು ಆಟೋ ಮಾಡಿಕೊಳ್ಳಬೇಕು. ಹೋಗಿ ಬರುವುದಕ್ಕೂ ಅಲ್ಲಿ ಕಾಯುವುದಕ್ಕೂ ಸೇರಿಸಿ ಮೊದಲೇ ಬಾಡಿಗೆ ಮಾತಾಡಿ, ಯಾಕೆಂದರೆ ಶಾಸನದ ಹತ್ತಿರ ವಾಪಸ್ ಆಟೋ ಸಿಗುವುದಿಲ್ಲ. ಬಸ್ಸಿನಲ್ಲಿ ಹೋದರೆ ಜಟಿಂಗ ರಾಮೇಶ್ವರವನ್ನು ಕೈಬಿಡುವುದೇ ಸರಿ. ಅದನ್ನೂ ಸೇರಿಸಿಕೊಂಡರೆ ಸಂಜೆ ಚಂದ್ರವಳ್ಳಿ ತಪ್ಪುತ್ತದೆ. ದಾರಿ ಕೇಳುವಾಗ ‘ಅಶೋಕ ಸಿದ್ದಾಪುರ’ ಎನ್ನಿ. ಬರೀ ಸಿದ್ದಾಪುರ ಎಂದರೆ ಕರ್ನಾಟಕದಲ್ಲಿ ಹತ್ತಾರು ಇವೆ, ಮೊಬೈಲಿನ ಮ್ಯಾಪ್ ಉತ್ತರ ಕನ್ನಡಕ್ಕೂ ಕರೆದೊಯ್ದೀತು.

ಚೀಲದಲ್ಲಿ ಇರಬೇಕಾದ್ದು: ಬಲವಾದ ಎರಡು ಟಾರ್ಚ್ (ಮೊಬೈಲಿನ ಬೆಳಕು ಲೆಕ್ಕಕ್ಕಿಲ್ಲ), ಒಂದು ದೊಡ್ಡ ಕರಿ ಛತ್ರಿ, ಹಿಡಿತವಿರುವ ಬೂಟು, ಶಾಸನದ ಪಾಠವನ್ನು ಸಾಲು ಸಾಲಾಗಿ ಕನ್ನಡ ಲಿಪಿಯಲ್ಲಿ ಬರೆದುಕೊಂಡ ಒಂದು ಹಾಳೆ, ಅಶೋಕನ ಬ್ರಾಹ್ಮಿ ಅಕ್ಷರಮಾಲೆಯ ಒಂದು ಪ್ರಿಂಟ್. ಪಾಠ ಬೇಕಿದ್ದರೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಚಿತ್ರದುರ್ಗ ಸಂಪುಟದಲ್ಲಿದೆ. ಹಾಳೆಯಿಲ್ಲದೆ ಹೋದವರು ಐದು ನಿಮಿಷ ಬಂಡೆ ನೋಡಿ, ಸೆಲ್ಫಿ ತೆಗೆದುಕೊಂಡು ಬರುತ್ತಾರೆ.

ಮೊದಲು ಬೆಟ್ಟ

ಮೊದಲು ಜಟಿಂಗ ರಾಮೇಶ್ವರ ಹತ್ತಿ. ಬೆಟ್ಟಕ್ಕೆ ಮೆಟ್ಟಿಲುಗಳಿವೆ, ಆದರೆ ನೆರಳಿಲ್ಲ. ಏಳೂವರೆಗೆ ಹತ್ತಲು ಶುರು ಮಾಡಿದರೆ ಬಿಸಿಲೇರುವ ಮುನ್ನ ಇಳಿದುಬಿಡಬಹುದು. ಜಟಾಯು ಬಿದ್ದದ್ದು ಇಲ್ಲೇ ಎಂದು ಸ್ಥಳಪುರಾಣ. ಇಲ್ಲಿನ ಶಾಸನ ಮೂರರಲ್ಲೂ ಹೆಚ್ಚು ಸವೆದದ್ದು. ಬರೆದಿರುವುದು ನೆಲಕ್ಕೆ ಹಾಸಿದಂತಿರುವ ಬಂಡೆಯ ಮೇಲೆ. ಅದಕ್ಕೆ ‘ಬಳೆಗಾರ ಗುಂಡು’ ಎಂಬ ಹೆಸರಿತ್ತು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹೂಡುತ್ತಿದ್ದರು. ಸಾವಿರಾರು ಕಾಲುಗಳು ಓಡಾಡಿದ ಬಂಡೆಯಲ್ಲಿ ಅಲ್ಲಲ್ಲಿ ಕೆಲವು ಅಕ್ಷರ ಉಳಿದದ್ದೇ ಹೆಚ್ಚು. ಇಲ್ಲಿ ಓದಲು ಹೆಣಗಬೇಡಿ. ಮೇಲಿನಿಂದ ಬ್ರಹ್ಮಗಿರಿ ಆಗ್ನೇಯಕ್ಕೆ ಐದು ಕಿಲೋಮೀಟರಿನಷ್ಟು ದೂರದಲ್ಲಿದೆ, ಅದನ್ನು ಗುರುತಿಸಿಕೊಂಡು ಇಳಿಯಿರಿ. ಮಂಗಗಳಿವೆ, ತಿಂಡಿಯ ಚೀಲ ಕೈಯಲ್ಲಿ ತೂಗಾಡದಿರಲಿ.

ಆಮೇಲೆ ಸಿದ್ದಾಪುರ. ಬ್ರಹ್ಮಗಿರಿಗೆ ಪಶ್ಚಿಮಕ್ಕೆ ಒಂದೂವರೆ ಕಿಲೋಮೀಟರಿನಷ್ಟು. ಶಾಸನದ ಒಕ್ಕಣೆ ಬ್ರಹ್ಮಗಿರಿಯದೇ, ಅರ್ಧ ಗಂಟೆ ಸಾಕು. ಬ್ರಹ್ಮಗಿರಿಗೆ ಮಾತ್ರ ಒಂದೂಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಅಕ್ಷರ ಗುಂಡು

ಬ್ರಹ್ಮಗಿರಿಯ ಶಾಸನದ ಬಂಡೆಯನ್ನು ಜನ ‘ಅಕ್ಷರ ಗುಂಡು’ ಎಂದು ಕರೆಯುತ್ತಿದ್ದರು. 1890ರ ದಶಕದ ಆರಂಭದಲ್ಲಿ ಬಿ.ಎಲ್. ರೈಸ್ ಈ ಮೂರೂ ಶಾಸನಗಳನ್ನು ಬೆಳಕಿಗೆ ತಂದರು. ಈಗ ಬಂಡೆಗೆ ಸೂರಿನ ರಕ್ಷಣೆಯಿದೆ. ಬೀಗ ಹಾಕಿದ್ದರೆ ಊರಿನಲ್ಲಿ ಕಾವಲುಗಾರರನ್ನು ವಿಚಾರಿಸಿ, ಕಂಬಿ ಹತ್ತಿ ಇಳಿಯುವ ಸಾಹಸ ಬೇಡ.

ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಒಟ್ಟು 13 ಸಾಲು. ಆರಂಭ ಹೀಗೆ: ‘ಸುವಂಣಗಿರೀತೇ ಅಯಪುತಸ ಮಹಾಮಾತಾಣಂ ಚ ವಚನೇನ ಇಸಿಲಸಿ ಮಹಾಮಾತಾ ಆರೋಗಿಯಂ ವತವಿಯಾ’. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮಾತಿನಂತೆ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಬೇಕು ಎಂಬ ಸರ್ಕಾರಿ ಕಾಗದದ ಒಕ್ಕಣೆ ಇದು. ಇಸಿಲ ಎಂದರೆ ಈ ಬೆಟ್ಟದ ಬುಡದ ಊರೇ. ಮುಂದೆ ಬರುವ ಭಾಗವೇ ಬೌದ್ಧರ ಮಟ್ಟಿಗೆ ಮುಖ್ಯ: ತಾನು ಉಪಾಸಕನಾಗಿ (ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ, ಅಂದರೆ ಭಿಕ್ಷುಗಳ ಸಮೂಹದ, ಹತ್ತಿರ ಹೋದ ಮೇಲೆ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂದು ರಾಜನೇ ಹೇಳಿಕೊಳ್ಳುತ್ತಾನೆ. ಎಲ್ಲೂ ‘ಅಶೋಕ’ ಎಂಬ ಹೆಸರಿಲ್ಲ, ‘ದೇವಾಣಂಪಿಯೇ’ (ದೇವರಿಗೆ ಪ್ರಿಯನಾದವನು) ಅಷ್ಟೇ. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಬುದ್ಧಿಮಾತುಗಳು ಕೊನೆಯ ಕಡೆ ಬರುತ್ತವೆ.

ಈಗ ಬೆಳಕಿನ ವಿಚಾರ. ಟಾರ್ಚನ್ನು ಅಕ್ಷರಕ್ಕೆ ಎದುರಾಗಿ ಹಿಡಿದರೆ ಏನೂ ಕಾಣದು. ಕೊರೆದ ಗೆರೆಯ ಒಳಗೂ ಹೊರಗೂ ಒಂದೇ ಸಮ ಬೆಳಕು ತುಂಬಿ, ಗೆರೆ ಕಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತದೆ. ಒಬ್ಬರು ಛತ್ರಿ ಬಿಚ್ಚಿ ಬಿಸಿಲನ್ನು ತಡೆಯಲಿ. ಇನ್ನೊಬ್ಬರು ಟಾರ್ಚನ್ನು ಬಂಡೆಗೆ ತಾಗಿಸದೆ, ಒಂದು ಕೈಯಳತೆ ದೂರದಿಂದ, ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವಷ್ಟು ಓರೆಯಾಗಿ ಹಿಡಿಯಲಿ. ಗೆರೆಯ ಒಂದು ಅಂಚಿನಲ್ಲಿ ನೆರಳು ನಿಂತು ಅಕ್ಷರ ಮೇಲೆದ್ದು ಬರುತ್ತದೆ.

ಒಂದೇ ದಿಕ್ಕಿನಿಂದ ಬೆಳಕು ಬಿಟ್ಟು ಓದಿದರೆ ತಪ್ಪು ಓದುತ್ತೀರಿ. ಬ್ರಾಹ್ಮಿಯ ‘ಕ’ ನೋಡಲು ಕೂಡುವ ಚಿಹ್ನೆಯ ಹಾಗೆ, ನಿಂತ ಗೆರೆಗೆ ಅಡ್ಡ ಗೆರೆ. ಎಡದಿಂದ ಬೆಳಕು ಬಿಟ್ಟರೆ ನಿಂತ ಗೆರೆಗೆ ಮಾತ್ರ ನೆರಳು ಬರುತ್ತದೆ. ಅಡ್ಡ ಗೆರೆ ಬೆಳಕಿನ ದಿಕ್ಕಿಗೇ ಇರುವುದರಿಂದ ಮಾಯವಾಗುತ್ತದೆ. ಆಗ ಉಳಿಯುವ ಒಂಟಿ ಗೆರೆ ‘ರ’ದಂತೆ ಕಾಣುತ್ತದೆ. ‘ನ’ದ ಗತಿಯೂ ಅಷ್ಟೇ, ಅದು ನಿಂತ ಗೆರೆಯ ಬುಡಕ್ಕೆ ಅಡ್ಡ ಗೆರೆ ಎಳೆದ ಆಕಾರ. ಹಾಗಾಗಿ ಒಂದೊಂದು ಸಾಲಿಗೂ ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ನಾಲ್ಕು ಸಲ ಬೆಳಕು ಬಿಟ್ಟು ನಾಲ್ಕು ಫೋಟೋ ತೆಗೆಯಿರಿ. ಕ್ಯಾಮೆರಾ ಮಾತ್ರ ಕದಲಬಾರದು. ಫ್ಲಾಶ್ ಆರಿಸಿರಿ.

ಮೊದಲಿಗೆ ಗುರುತಿಸಲು ಸುಲಭವಾದ ಅಕ್ಷರಗಳು: ‘ಗ’ ಮನೆಯ ಮಾಡಿನಂತೆ, ‘ಥ’ ನಡುವೆ ಚುಕ್ಕಿಯಿರುವ ವೃತ್ತ, ‘ಬ’ ಚೌಕ, ‘ಮ’ ವೃತ್ತದ ತಲೆಗೆ ಎರಡು ಕೊಂಬು, ‘ವ’ ವೃತ್ತದ ತಲೆಗೆ ಒಂದು ಕಡ್ಡಿ. ‘ಮಹಾಮಾತಾ’ ಎಂಬ ಪದ ಮೊದಲ ಸಾಲುಗಳಲ್ಲೇ ಮತ್ತೆ ಮತ್ತೆ ಬರುವುದರಿಂದ ಕೊಂಬಿನ ವೃತ್ತ ಹುಡುಕಿ ಅಲ್ಲಿಂದ ಆರಂಭಿಸಿದರೆ ಹಾಳೆಯ ಪಾಠಕ್ಕೂ ಬಂಡೆಗೂ ಹೊಂದಿಕೆ ಬೇಗ ಸಿಗುತ್ತದೆ. ಬಿರುಕನ್ನು ಅಕ್ಷರವೆಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಬಿರುಕಿನ ಅಂಚು ಚೂಪು, ಅಗಲ ಹೆಚ್ಚುಕಡಿಮೆ, ಸಾಲನ್ನು ಲೆಕ್ಕಿಸದೆ ಓಡುತ್ತದೆ. ಕೊರೆದ ಗೆರೆಯ ತಳ ದುಂಡಗೆ, ಅಗಲ ಒಂದೇ ಸಮ.

ಕೊನೆಯ ಸಾಲನ್ನು ಬಿಡಬೇಡಿ. ಬರೆದವನು ‘ಚಪಡ’ ಎಂದು ಹೆಸರಿದೆ. ‘ಲಿಪಿಕರೇಣ’ ಎಂಬ ಪದ ಮಾತ್ರ ಬ್ರಾಹ್ಮಿಯಲ್ಲಿಲ್ಲ, ಖರೋಷ್ಠಿಯಲ್ಲಿದೆ. ಗಂಧಾರದ ಕಡೆ ನಡೆಯುತ್ತಿದ್ದ, ಬಲದಿಂದ ಎಡಕ್ಕೆ ಬರೆಯುವ ಲಿಪಿ ಅದು. ವಾಯವ್ಯದ ಲಿಪಿ ಬಲ್ಲ ಬರಹಗಾರನೊಬ್ಬ ಮೊಳಕಾಲ್ಮೂರಿನ ಬಂಡೆಯ ಮೇಲೆ ತನ್ನ ಕಸುಬಿನ ಹೆಸರನ್ನು ಆ ಲಿಪಿಯಲ್ಲೇ ಗೀಚಿಹೋಗಿದ್ದಾನೆ. ನಮ್ಮ ಲೆಕ್ಕದಲ್ಲಿ ಇಡೀ ದಿನದಲ್ಲಿ ಇದಕ್ಕಿಂತ ದೊಡ್ಡ ನೋಟ ಬೇರೆಯಿಲ್ಲ.

ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತುಂಬುವುದು, ನೀರು ಎರಚುವುದು, ಎಣ್ಣೆ ಸವರುವುದು ಕೂಡದು. ಸುಣ್ಣ ತುಂಬಿದವರು ತಾವು ಊಹಿಸಿದ ಆಕಾರವನ್ನೇ ತುಂಬುತ್ತಾರೆ, ಮುಂದಿನವರು ಅದನ್ನೇ ಓದುತ್ತಾರೆ. ಎಣ್ಣೆ ಧೂಳು ಹಿಡಿದು ಗೆರೆಯನ್ನು ಮುಚ್ಚುತ್ತದೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಬೆಟ್ಟದ ಬುಡದ ಬಯಲು

ಶಾಸನ ನೋಡಿ ಹೊರಟುಬಿಡಬೇಡಿ. 1940ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ಮಾಡಿದರು. ತಳದಲ್ಲಿ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾ ಸಮಾಧಿಯ ಜನ, ಅದರ ಮೇಲೆ ಶಾತವಾಹನರ ಕಾಲ ಎಂಬ ಪದರಗಳ ಕ್ರಮ ಇಲ್ಲಿ ಗೊತ್ತಾಯಿತು. ಅಗೆದ ಗುಂಡಿಗಳು ಈಗ ಕಾಣುವುದಿಲ್ಲ. ಕಾಣುವುದು ಸಮಾಧಿಗಳು: ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಒಂದು ಚಪ್ಪಡಿಯಲ್ಲಿ ದುಂಡು ಕಿಂಡಿ ಕೊರೆದ ಕಲ್ಲಿನ ಪೆಟ್ಟಿಗೆಗಳು, ಸುತ್ತ ಗುಂಡುಗಳ ವೃತ್ತ. ನಮ್ಮ ನಾಡಿನ ಹಲವು ಕಡೆ ಇಂಥವನ್ನು ಮೋರ್ಯರ ಮನೆ ಎನ್ನುತ್ತಾರೆ. ಇವಕ್ಕೂ ಅಶೋಕನ ಮೌರ್ಯ ವಂಶಕ್ಕೂ ಸಂಬಂಧ ಕಲ್ಪಿಸಬೇಡಿ.

ನೆಲದಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪಾದ ಬೋಕಿಬಿಲ್ಲೆ ಕಂಡರೆ ಕೂತು ನೋಡಿ. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿಯಾಡದೆ ಕಪ್ಪಾಗುತ್ತದೆ, ಹೊರಗೆ ಗಾಳಿ ತಾಗಿ ಕೆಂಪಾಗುತ್ತದೆ. ನೋಡಿದ ಮೇಲೆ ಎತ್ತಿದ ಜಾಗದಲ್ಲೇ ಇಡಿ. ಜೇಬಿಗೆ ಹೋದ ಚೂರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಬಂಡೆಯ ಮಾಡಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಕಡೆ ಸುಳಿಯಬೇಡಿ. ಬೀಡಿ, ಸಿಗರೇಟು, ಘಮಘಮಿಸುವ ಸೆಂಟು ಮೂರೂ ಅವಕ್ಕೆ ಆಗದು.

ಸಂಜೆ ಚಂದ್ರವಳ್ಳಿ

ಒಂದು ಗಂಟೆಗೆ ಬ್ರಹ್ಮಗಿರಿ ಬಿಟ್ಟರೆ, ದಾರಿಯಲ್ಲಿ ಊಟ ಮುಗಿಸಿ ನಾಲ್ಕರೊಳಗೆ ಚಂದ್ರವಳ್ಳಿ ಸೇರಬಹುದು. ಊಟಕ್ಕೆ ಚಳ್ಳಕೆರೆಯೇ ವಾಸಿ, ಆಯ್ಕೆ ಹೆಚ್ಚು. ಚಿತ್ರದುರ್ಗ ಬಸ್ ನಿಲ್ದಾಣದಿಂದ ಚಂದ್ರವಳ್ಳಿಗೆ ಮೂರು ಕಿಲೋಮೀಟರಿನಷ್ಟು, ಆಟೋ ಸಿಗುತ್ತದೆ. ಬೆಟ್ಟಗಳ ನಡುವಿನ ಕಣಿವೆಯಾದ್ದರಿಂದ ಬೇಗ ಮಬ್ಬಾಗುತ್ತದೆ. ಸುತ್ತಲ ಕಾಡಿನಲ್ಲಿ ಕರಡಿ, ಚಿರತೆ ಇವೆ, ಕತ್ತಲಾಗುವ ಮುನ್ನ ಹೊರಬಿದ್ದಿರಬೇಕು.

ಮೊದಲು ಭೈರವೇಶ್ವರ ಗುಡಿಯ ಬಳಿಯ ಬಂಡೆ. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನ ಇದರ ಮೇಲಿದೆ. ಎಂ.ಎಚ್. ಕೃಷ್ಣ 1929ರಲ್ಲಿ ಓದಿದ್ದು. ಪಾಠದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಬೆಳಿಗ್ಗೆ ಕಲಿತ ಟಾರ್ಚಿನ ಉಪಾಯ ಇಲ್ಲೂ ನಡೆಯುತ್ತದೆ. ಇದೇ ಕಣಿವೆಯ ಉತ್ಖನನದಲ್ಲಿ ಶಾತವಾಹನರ ಸೀಸದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕವು.

ಆಮೇಲೆ ಅಂಕಲಿ ಮಠದ ಗುಹೆ. ಬೌದ್ಧ ಭಿಕ್ಷುಗಳ ಗುಹೆ ಎಂದು ತೋರಿಸುವವರೂ ಇದ್ದಾರೆ, ಆದರೆ ಒಳಗೆ ಕಣ್ಣಿಗೆ ಬೀಳುವುದೆಲ್ಲ ಶೈವ. ಪಕ್ಕದ ಪಂಚಲಿಂಗ ಗುಹೆಯ ಬಾಗಿಲಲ್ಲಿ ಹೊಯ್ಸಳ ಮೂರನೇ ನರಸಿಂಹನ ಕಾಲದ, 1286ರ ಶಾಸನವಿದೆ. ಅಂಕಲಿ ಮಠದೊಳಗೆ ಮೆಟ್ಟಿಲಿಳಿದು, ಬಗ್ಗಿ ನುಸಿಯುವ ಬಾಗಿಲುಗಳ ಮೂಲಕ ಕೋಣೆಯಿಂದ ಕೋಣೆಗೆ ಹೋಗಬೇಕು. ಹಗಲಲ್ಲೂ ಕಗ್ಗತ್ತಲು, ಸೆಕೆ, ಬಾವಲಿಗಳ ವಾಸನೆ. ಉಬ್ಬಸ ಇರುವವರು, ಇಕ್ಕಟ್ಟಿಗೆ ಹೆದರುವವರು ಹೊರಗೇ ಕೂರಲಿ. ಬಾಗಿಲಲ್ಲಿ ಸಿಗುವ ಗೈಡನ್ನು ದರ ಮಾತಾಡಿಕೊಂಡು ಕರೆದೊಯ್ಯಿರಿ, ಒಳಗಿನ ತಿರುವುಗಳು ಒಂದೇ ತರಹ ಇರುವುದರಿಂದ ದಾರಿ ತಪ್ಪುವುದು ಸುಲಭ. ಎರಡನೇ ಟಾರ್ಚು ಕೊನೆಯಲ್ಲಿ ಬರುವವರ ಕೈಯಲ್ಲಿರಲಿ. ಮೇಲ್ಛಾವಣಿಯಲ್ಲಿ ಬಣ್ಣದ ಚಿತ್ತಾರದ ಕುರುಹುಗಳಿವೆ, ಕೈ ತಾಗಿಸಬೇಡಿ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ತಗ್ಗಿನ ಕೋಣೆಗಳಲ್ಲಿ ನೀರು ನಿಂತಿರುತ್ತದೆ. ಆಗ ಇಳಿಯದಿರುವುದೇ ಕ್ಷೇಮ.

ಮರುದಿನ ಬಿಡುವಿದ್ದರೆ ರಂಗಯ್ಯನ ಬಾಗಿಲ ಬಳಿಯ ಸರ್ಕಾರಿ ಮ್ಯೂಸಿಯಂಗೆ ಹೋಗಿ. ಸೋಮವಾರ ಸಾಮಾನ್ಯವಾಗಿ ರಜೆ ಇರುತ್ತದೆ, ವಿಚಾರಿಸಿಕೊಂಡು ಹೊರಡಿ. ಅಶೋಕನ ಹೆಸರೇ ಬರೆದಿರುವ ಶಾಸನ ಬೇಕೆನ್ನುವವರು ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಕ್ಕೆ ಹೋಗಬೇಕು, ಅದಕ್ಕೆ ಬೇರೆಯೇ ಒಂದು ದಿನ ಬೇಕು.