ಹಣ್ಣಿಡದೆ, ಹತ್ರ ಹೋಗದೆ ಹಿತ್ತಲ ಪ್ರಾಣಿ ನೋಡಿದ್ದು: ನನ್ನ ಅನುಭವ

"ಬಾಳೆಹಣ್ಣು ಇಡದೆ ಯಾವ ಪ್ರಾಣಿ ಬರತ್ತೆ ಮಾರಾಯ" ಅಂದವ್ರೆಲ್ಲ ಈಗ ನಮ್ಮನೆಗೆ ಬಂದು ವಿಡಿಯೊ ನೋಡ್ಕೊಂಡು ಹೋಗ್ತಿದಾರೆ, ಅದಕ್ಕೇ ಬರೀತಿದೀನಿ. ನಮ್ಮದು ತೀರ್ಥಹಳ್ಳಿ ಕಡೆ. ಮನೆ ಹಿಂದೆ ಧರೆ (ಕಡಿದಾದ ಮಣ್ಣಿನ ದಿಬ್ಬ), ಅದರ ಕೆಳಗೆ ಅಡಿಕೆ ತೋಟ, ತೋಟ ಮುಗಿದ್ರೆ ಹಳ್ಳ, ಆಚೆ ತೋಟಕ್ಕೆ ಸೊಪ್ಪು ತರೋ ಕಾಡು, ಸೊಪ್ಪಿನಬೆಟ್ಟ. ನೋಡೋದು ಕ್ಯಾಮೆರಾ ಟ್ರ್ಯಾಪಲ್ಲಿ, ಅಂದ್ರೆ ಎದುರಿಗೆ ಪ್ರಾಣಿ ಅಲ್ಲಾಡಿದ್ರೆ ತಾನಾಗೇ ಫೋಟೊ, ವಿಡಿಯೊ ತೆಗೆಯೋ ಕ್ಯಾಮೆರಾದಲ್ಲಿ. ಅದನ್ನ ಕಟ್ಟೋದು, ಸೆಟ್ಟಿಂಗು ಎಲ್ಲ ಇಲ್ಲಿ ಬಿಡ್ತೀನಿ.

ಹಣ್ಣು ಯಾಕೆ ಇಡಬಾರ್ದು ಅಂದ್ರೆ, ನಮ್ಮ ನೆಂಟರೊಬ್ರು ಮುಳ್ಳುಹಂದಿ ನೋಡೋಕೆ ಅಂತ ಉಳಿದ ಅನ್ನ, ಹಲಸಿನ ತೊಳೆ ಸುರೀತಿದ್ರು. ಮೊದಲು ಬಂದಿದ್ದು ಮಂಗ, ಆಮೇಲೆ ಕಾಡುಹಂದಿ, ಆಮೇಲೆ ಬೀದಿನಾಯಿಗಳು, ಕೊನೆಗೆ ಆ ನಾಯಿಗಳ ಹಿಂದೆ ಚಿರತೆ. ಕೊಟ್ಟಿಗೆ ಬಾಗಿಲು ಭದ್ರ ಮಾಡೋಕೇ ಅವರಿಗೆ ನಾಕೈದು ಸಾವಿರ ಹೋಯ್ತು. ತಿನ್ನೋದು ಇಡದೇ ಅವು ತಾವಾಗೇ ಓಡಾಡೋ ದಾರಿ ಹಿಡಿಬೇಕು ಅನ್ನೋದೇ ನನ್ನ ಹಟ.

ಆ ದಾರಿ ಸಿಗೋಕೆ ಒಂದು ವರ್ಷದ ಮೇಲೇ ಆಯ್ತು. ಹಲಸಿನ ಮರದ ಬುಡದಲ್ಲಿ ಕಟ್ಟಿದ್ರೆ ಕಾರ್ಡ್ ತುಂಬ ಅಲ್ಲಾಡೋ ಸೋಗೆ, ಬಿಸಿಲಿಗೆ ಕಾದ ಎಲೆ ಅಲ್ಲಾಡಿದ್ರೂ ಸೆನ್ಸರ್ ಹೊಡೆಯತ್ತೆ, ಸಾವಿರಗಟ್ಲೆ ಫೋಟೊ, ಒಂದರಲ್ಲೂ ಪ್ರಾಣಿ ಇಲ್ಲ. ತೋಟದ ಅಂಚಿನ ಅಗಳದ (ಕಂದಕದ) ಪಕ್ಕ ಕಟ್ಟಿದ್ರೆ ಬರೀ ಬಾಲ. ಆಮೇಲೆ ಹಳ್ಳದ ಸಂಕ, ಅಂದ್ರೆ ದಾಟೋ ಸಣ್ಣ ಕಾಲುಸೇತುವೆ, ಹೊಳೀತು! ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯೋವಾಗ ಆಚೆಯಿಂದ ಈಚೆ ಬರೋಕೆ ನಮಗೂ ಅದೇ ದಾರಿ, ಅವಕ್ಕೂ ಅದೇ. ಸಂಕದ ತುದೀಲಿ ಮೊಣಕಾಲೆತ್ತರಕ್ಕೆ, ದಾರಿಗೆ ನೇರ ಅಡ್ಡ ಅಲ್ಲ, ಸ್ವಲ್ಪ ಓರೆಯಾಗಿ ಕಟ್ಟಿದೆ. ಮೊದಲನೇ ವಾರವೇ ಕಬ್ಬೆಕ್ಕು (ಪುನುಗಿನ ಜಾತಿದು), ಮುಂಗುಸಿ, ಆಮೇಲೆ ಚಿರತೆ ಬೆಕ್ಕು ಮರಿ ಸಮೇತ. ನಮ್ಮ ಸುತ್ತಮುತ್ತ ಈ ವಿಡಿಯೊ ಬೇರೆ ಯಾರ ಹತ್ರಾನೂ ಇಲ್ಲ, ಧೈರ್ಯವಾಗಿ ಹೇಳ್ತೀನಿ. ಚಿಪ್ಪುಹಂದಿನೂ ಬಂದಿದೆ, ಆದ್ರೆ ಯಾವ ಬದಿ, ಯಾವ ತಿಂಗಳು ಅಂತ ಯಾರು ಕೇಳಿದ್ರೂ ಹೇಳಲ್ಲ. ಅದನ್ನ ಹಿಡಿದು ಮಾರೋರು ಇದಾರೆ. ನೀವೂ ಫೋನಲ್ಲಿ ತೆಗೆದ ಫೋಟೊ ಹಂಚೋ ಮುಂಚೆ ಲೊಕೇಶನ್ ಅಳಿಸಿ.

ದುಡ್ಡಿನ ಲೆಕ್ಕ ಹೇಳ್ಬೇಕು. ಮೊದಲ ಕ್ಯಾಮೆರಾ ಸುಮಾರು 6 ಸಾವಿರ, ಒಂದೇ ಮಳೆಗಾಲಕ್ಕೆ ಲೆನ್ಸಿಗೆ ಬೂಷ್ಟು, ಸೆಲ್ ಡಬ್ಬೀಲಿ ಇರುವೆ ಗೂಡು. ಎರಡನೇದು 11 ಸಾವಿರದ ಹತ್ರ, ರಾತ್ರಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು (940 ನ್ಯಾನೊಮೀಟರ್) ಬಿಡೋದು. ಬೆಳಕು ಅಷ್ಟು ದೂರ ಹೋಗಲ್ಲ, ಆದ್ರೆ ಕಬ್ಬೆಕ್ಕು ತಿರುಗಿ ನೋಡೋದು ನಿಂತೋಯ್ತು. ಮಾಮೂಲಿ ಸೆಲ್ಲಿಗೆ ತಿಂಗಳಿಗೆ ಮುನ್ನೂರು ನಾನೂರು ಸುರಿದು ಸಾಕಾಗಿ ರೀಚಾರ್ಜ್ ಸೆಲ್ ತಗೊಂಡೆ, ಅವು 1.2 ವೋಲ್ಟ್ ಅಷ್ಟೇ, ಎಲ್ಲ ಕ್ಯಾಮೆರಾಕ್ಕೂ ಆಗಲ್ಲ, ನೋಡಿ ತಗೊಳ್ಳಿ. ಒಳಗೆ ಸಿಲಿಕಾ ಜೆಲ್ ಹಾಕಿ ವಾರಕ್ಕೊಂದ್ಸಲ ಬಿಸಿ ಮಾಡಿ ಒಣಗಿಸ್ತೀನಿ. ಇರುವೆಗೆ ಏನು ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಕಾರ್ಡ್ ತೆಗೆಯೋಕೆ ಮಧ್ಯಾಹ್ನ ಮಾತ್ರ ಹೋಗ್ತೀನಿ, ಗಂಬೂಟು, ಕೋಲು ಇಲ್ಲದೆ ಧರೆ ಇಳಿಯಲ್ಲ. ಹಾವು ಕಚ್ಚಿದ್ರೆ ಆಸ್ಪತ್ರೇಲಿ ಕೊಡೋ ಔಷಧಿ ನಾಗರ, ಕಟ್ಟಿಗೆ ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಕಕ್ಕೆ ಮಾಡಿದ್ದು. ನಮ್ಮ ತೋಟದ ದರಗಲ್ಲಿ (ಒಣಗಿದ ಎಲೆಗಳಲ್ಲಿ) ಮಲಗಿರತ್ತಲ್ಲ, ಮೂತಿ ಮೇಲಕ್ಕೆ ತಿರುಗಿರೋ ಸಣ್ಣ ಮಂಡಲ, ಅದಕ್ಕೆ ಅದು ನಾಟಲ್ಲ. ಇನ್ನು ಮಂಗನ ಕಾಯಿಲೆ, 1957ರಲ್ಲಿ ಇದೇ ಜಿಲ್ಲೆ ಸೊರಬದ ಕ್ಯಾಸನೂರಲ್ಲಿ ಮೊದಲು ಕಂಡಿದ್ದು. ಅದನ್ನ ಹರಡೋದು ಉಣುಗು (ಉಣ್ಣೆ), ಡಿಸೆಂಬರಿಂದ ಮೇವರೆಗೆ ಅದರ ಕಾಟ, ಆಗ ಉಣುಗು ಹತ್ತದಂಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಕೊಂಡು ಹೋಗಿ, ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ, ಬಟ್ಟೆನೂ ಬಿಸಿನೀರಿಗೆ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಫೋನ್ ಮಾಡಿ.

ಕಣ್ಣಾರೆ ನೋಡೋದಾದ್ರೆ ಉಪ್ಪರಿಗೆ ಕಿಟಕಿಯಿಂದಲೇ. ರೂಮಿನ ದೀಪ ಆರಿಸಿ, ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಸುತ್ತು. ಕತ್ತಲಾಗ್ತಿದ್ದಂಗೆ ಹಾರುಬೆಕ್ಕು (ದೊಡ್ಡ ಹಾರುವ ಅಳಿಲು) ಹಲಸಿನ ಮರದಿಂದ ಧೂಪದ ಮರಕ್ಕೆ ತೇಲ್ಕೊಂಡು ಹೋಗೋದು ಈಗ ಮನೆಮಂದಿಗೆಲ್ಲ ಅಭ್ಯಾಸ, ಅಮ್ಮ ಅಡಿಗೆ ಬಿಟ್ಟು ಬರ್ತಾಳೆ. ಮಧ್ಯೆ ನೋಟು ನೋಡೋ ಯುವಿ ಟಾರ್ಚು ತರ್ಸಿ ಹಿತ್ತಲ ಕಲ್ಲುಕಟ್ಟೆಗೆ ಹಿಡಿದೆ, ಸಂದೀಲಿದ್ದ ಚೇಳೆಲ್ಲ ಹಸಿರು ನೀಲಿ ಹೊಳೀತು! ಇನ್ನೂರು ರೂಪಾಯಿ ಟಾರ್ಚು. ಅವತ್ತಿಂದ ಮಕ್ಕಳು ಬರಿಗಾಲಲ್ಲಿ ಹಿತ್ತಲಿಗೆ ಇಳಿಯಲ್ಲ.

ಈ ಮಳೆ ಮುಗಿದ್ಮೇಲೆ ಕ್ಯಾಮೆರಾನ ಕೆಳಗಿನ ಮಡುವಿಗೆ ಒಯ್ತೀನಿ. ಅಲ್ಲಿ ಬಂಡೆ ಮೇಲೆ ಏಡಿಚಿಪ್ಪು ತುಂಬಿದ ಹಿಕ್ಕೆ ಬಿದ್ದಿರತ್ತೆ, ನೀರುನಾಯಿದೇ ಇರ್ಬೇಕು ಅಂತ ನನ್ನ ಲೆಕ್ಕ. ಊರವ್ರು ಇಲ್ಲ ಅಂತಿದಾರೆ.